ಕಂತು ತಪ್ಪದೆ ಕಟ್ಟುತ್ತಿದ್ದರೂ ಸಿಬಿಲ್ ಸ್ಕೋರ್ ಏರುತ್ತಿಲ್ಲ, ಯಾವುದನ್ನು ಮೊದಲು ಸರಿ ಮಾಡಬೇಕು?

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಕೆಲಸ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿತು. ಹೊಸ ಕೆಲಸ ಸಿಗುವವರೆಗೆ ಕೆಲವು ತಿಂಗಳು ಸಂಬಳವೇ ಇರಲಿಲ್ಲ. ಈಗ ಕೆಲಸ ಇದೆ, ಕೈಗೆ 41,000 ರೂಪಾಯಿ ಬರುತ್ತದೆ. ಮನೆ ಖರ್ಚು ಮತ್ತು ಪರ್ಸನಲ್ ಲೋನ್ ಕಂತು ಕಳೆದರೆ ಸುಮಾರು 11,000 ಉಳಿಯುತ್ತದೆ. ಕಾರ್ಡ್‌ಗೆ ಕಟ್ಟುವುದೂ ಅದರಲ್ಲೇ.

ಸಾಲಗಳು ಹೀಗಿವೆ. ಪರ್ಸನಲ್ ಲೋನ್ ಬಾಕಿ 2.4 ಲಕ್ಷ, ಕಂತು 9,800. ಕೆಲಸ ಇಲ್ಲದಾಗ ಒಂದು ಕಂತು ಬೌನ್ಸ್ ಆಯಿತು. ಮುಂದಿನ ತಿಂಗಳಿನಿಂದ ಒಂದನ್ನೂ ಬಿಡದೆ ಕಟ್ಟಿದ್ದೇನೆ, ಮೊದಮೊದಲು ಕೈಗಡ ತಂದಾದರೂ ಸರಿ. ಆದರೂ ಸಾಲದ ದಾಖಲೆ ಇರುವ ಸಿಬಿಲ್ ರಿಪೋರ್ಟ್‌ನಲ್ಲಿ ಪ್ರತಿ ತಿಂಗಳೂ 30ರ ಆಸುಪಾಸಿನ ಸಂಖ್ಯೆಯೇ ಕಾಣುತ್ತಿದೆ. ಇದು ಯಾಕೆ ಅಂತ ಅರ್ಥವೇ ಆಗುತ್ತಿಲ್ಲ.

ಒಂದು ಕ್ರೆಡಿಟ್ ಕಾರ್ಡ್‌ನಲ್ಲಿ 86,000 ಬಾಕಿ, ಬಿಲ್‌ನಲ್ಲಿ ಕೇಳುವ ಕನಿಷ್ಠ ಮೊತ್ತ (ಮಿನಿಮಮ್ ಡ್ಯೂ) ಮಾತ್ರ ಕಟ್ಟಿಕೊಂಡು ಬರುತ್ತಿದ್ದೇನೆ. ಇನ್ನೊಂದು ಕಾರ್ಡ್‌ನಲ್ಲಿ 70,000 ಇತ್ತು. ಬ್ಯಾಂಕಿನವರೇ ಫೋನ್ ಮಾಡಿ 42,000 ಕಟ್ಟಿದರೆ ಮುಗಿಸುತ್ತೇವೆ ಅಂದರು. ಅಣ್ಣನ ಹತ್ತಿರ ತೆಗೆದುಕೊಂಡು ಕಟ್ಟಿದೆ. ರಿಪೋರ್ಟ್‌ನಲ್ಲಿ 'ಸೆಟಲ್ಡ್' ಅಂತ ಬಂದಿದೆ. ಇವಲ್ಲದೆ ಒಂದು ಆ್ಯಪ್‌ನಲ್ಲಿ ತೆಗೆದುಕೊಂಡಿದ್ದ 12,000 ಸಾಲ ಪೂರ್ತಿ ತೀರಿದೆ, ಮೆಸೇಜ್ ಕೂಡ ಇದೆ. ಆದರೆ ರಿಪೋರ್ಟ್‌ನಲ್ಲಿ ಇನ್ನೂ 1,350 ಬಾಕಿ ಅಂತ ತೋರಿಸುತ್ತಿದೆ.

ಸಾಲ ಕಟ್ಟುವ ನಡತೆಗೆ ಕೊಡುವ ಅಂಕ, ಅಂದರೆ ಸ್ಕೋರ್, 583. 15,000 ರೂಪಾಯಿ ಕೊಟ್ಟರೆ 45 ದಿನದಲ್ಲಿ 750 ಮಾಡಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ ಹೇಳುತ್ತಿದ್ದಾನೆ. ಎರಡು ಮೂರು ವರ್ಷ ಆದಮೇಲೆ ಮನೆ ಸಾಲ ಬೇಕಾಗಬಹುದು. ಎಲ್ಲಿಂದ ಶುರು ಮಾಡಲಿ?

ಹಳೇಲೆಡ್ಜರ್

ನೋಡಮ್ಮ, ಮೊದಲು ಆ ಏಜೆಂಟನ ಮಾತು. ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲೇ ಕೆಲಸ ಮಾಡಿ ನಿವೃತ್ತನಾದವನು. ರಿಪೋರ್ಟ್‌ನಲ್ಲಿ ಇರುವ ವಿಷಯ ನಿಜವಾಗಿದ್ದರೆ ಅದನ್ನು ಯಾರಿಂದಲೂ ಅಳಿಸಲು ಆಗುವುದಿಲ್ಲ. ಸುಳ್ಳಾಗಿದ್ದರೆ ನೀವೇ ಬಿಟ್ಟಿಯಾಗಿ ಸರಿ ಮಾಡಿಸಬಹುದು. ಇವೆರಡರ ನಡುವೆ ಏಜೆಂಟನಿಗೆ ಕೆಲಸವೇ ಇಲ್ಲ. ಇಂಥವರು ಮಾಡುವುದೇನು ಗೊತ್ತಾ? ನಿಮ್ಮ ಲಾಗಿನ್ ಮತ್ತು ಒಟಿಪಿ ತೆಗೆದುಕೊಂಡು, ಎಲ್ಲ ಖಾತೆಗಳ ಮೇಲೂ ತಕರಾರು ಹಾಕಿ ಕೂರುತ್ತಾರೆ. ಬ್ಯಾಂಕ್ 'ನಮ್ಮ ಮಾಹಿತಿ ಸರಿ ಇದೆ' ಅಂತ ಉತ್ತರ ಕೊಡುತ್ತದೆ. ಅಷ್ಟೊತ್ತಿಗೆ ಇವರ ಫೋನ್ ಆಫ್ ಆಗಿರುತ್ತದೆ.

ಇನ್ನು ನಿಮ್ಮ 30ರ ಒಗಟು. ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ನೀವು ಕಟ್ಟಿದ ಕಂತಿನ ಹಣ ಸಾಮಾನ್ಯವಾಗಿ ಹಳೇ ಬಾಕಿಗೆ ಮೊದಲು ಜಮಾ ಆಗುತ್ತದೆ. ಮಾರ್ಚ್ ಕಂತು ತಪ್ಪಿತು ಅಂದುಕೊಳ್ಳಿ. ಏಪ್ರಿಲ್‌ನಲ್ಲಿ ನೀವು ಕಟ್ಟಿದ 9,800 ಮಾರ್ಚ್ ಲೆಕ್ಕಕ್ಕೆ ಹೋಯಿತು, ಏಪ್ರಿಲ್ ಬಾಕಿ ಉಳಿಯಿತು. ಮೇನಲ್ಲಿ ಕಟ್ಟಿದ್ದು ಏಪ್ರಿಲ್‌ಗೆ ಹೋಯಿತು, ಮೇ ಉಳಿಯಿತು. ನೀವು ತಪ್ಪದೆ ಕಟ್ಟುತ್ತಿದ್ದೇನೆ ಅಂದುಕೊಂಡಿದ್ದೀರಿ, ಅದು ನಿಜವೂ ಹೌದು. ಆದರೆ ಪುಸ್ತಕದಲ್ಲಿ ನೀವು ಪ್ರತಿ ತಿಂಗಳೂ ಒಂದು ಕಂತು ಹಿಂದೆ. ರಿಪೋರ್ಟ್‌ನಲ್ಲಿ ಡಿಪಿಡಿ ಅಂತ ಇರುವುದು ಎಷ್ಟು ದಿನ ತಡ ಅನ್ನುವ ಲೆಕ್ಕ. ಅತಿ ಹಳೇ ಬಾಕಿಯಿಂದ ಅದನ್ನು ಎಣಿಸುತ್ತಾರೆ. ಹಾಗಾಗಿ ಒಂದೇ ಒಂದು ಕಂತು ತಪ್ಪಿದ್ದು ವರ್ಷವಿಡೀ ತಪ್ಪಿದ ಹಾಗೆ ಕಾಣುತ್ತದೆ.

ಇದಕ್ಕೆ ಮದ್ದು ಒಂದೇ. ಯಾವುದಾದರೂ ಒಂದು ತಿಂಗಳು ಎರಡು ಕಂತು ಕಟ್ಟಬೇಕು, ಜೊತೆಗೆ ಬೌನ್ಸ್ ಚಾರ್ಜ್ ಮತ್ತು ದಂಡ. ಅವತ್ತಿನಿಂದ ಡಿಪಿಡಿ ಸೊನ್ನೆ.

ನಾಲ್ಕುಕಾಸು

ಸರ್ ಹೇಳಿದ್ದು ಸರಿ. ಆದರೆ ನನ್ನದೊಂದು ತಕರಾರಿದೆ. ಮೇಡಂ ಹತ್ತಿರ ತಿಂಗಳಿಗೆ 11,000 ಮಾತ್ರ ಉಳಿಯುತ್ತದೆ. ಬೆಂಕಿ ಹತ್ತಿರುವುದು ಕಾರ್ಡ್‌ನಲ್ಲಿ. ಅದನ್ನು ಮೊದಲು ನೋಡಬೇಡವಾ?

ಲೆಕ್ಕ ಹಾಕಿ ನೋಡಿ. 86,000ಕ್ಕೆ ತಿಂಗಳಿಗೆ 3.5% ಬಡ್ಡಿ ಅಂತ ಇಟ್ಟುಕೊಂಡರೆ 3,010 ರೂಪಾಯಿ. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಅಂದರೆ ಇನ್ನೊಂದು 542. ಒಟ್ಟು 3,552. ಮಿನಿಮಮ್ ಡ್ಯೂ 5% ಅಂದರೆ 4,300. ಅಂದಮೇಲೆ 4,300 ಕಟ್ಟಿದಾಗ ಅಸಲಿಗೆ ಹೋಗುವುದು ಬರೀ 748 ರೂಪಾಯಿ! ಮಿನಿಮಮ್ ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ, ರಿಪೋರ್ಟ್‌ನಲ್ಲಿ ತಡ ಅಂತ ಬರುವುದಿಲ್ಲ, ಅಷ್ಟೇ. ಸಾಲ ಹಾಗೇ ಇರುತ್ತದೆ. ಅದರ ಮೇಲೆ, ಬಾಕಿ ಉಳಿಸಿಕೊಂಡಿರುವವರೆಗೂ ಹೊಸದಾಗಿ ಉಜ್ಜಿದ ಪ್ರತಿ ರೂಪಾಯಿಗೂ ಅವತ್ತಿನಿಂದಲೇ ಬಡ್ಡಿ ಓಡುತ್ತದೆ. 45 ದಿನ, 50 ದಿನ ಬಡ್ಡಿ ಇಲ್ಲ ಅನ್ನುವ ಸೌಲಭ್ಯ ಪೂರ್ತಿ ಬಿಲ್ ಕಟ್ಟುವವರಿಗೆ ಮಾತ್ರ.

ಅದಕ್ಕೆ ಆ ಕಾರ್ಡ್ ಬಳಕೆ ಇವತ್ತೇ ನಿಲ್ಲಲಿ. ಆಮೇಲೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಬಾಕಿಯನ್ನು ಇಎಂಐಗೆ ಬದಲಾಯಿಸುತ್ತೀರಾ ಅಂತ ಕೇಳಿ. ಹೊಸ ಸಾಲಕ್ಕೆ ಸ್ಕೋರ್ ಸಾಲುವುದಿಲ್ಲ ಅನ್ನುವವರಿಗೂ ಇದನ್ನು ಎಷ್ಟೋ ಸಲ ಮಾಡಿಕೊಡುತ್ತಾರೆ. ಯಾಕೆಂದರೆ ಹಣ ಈಗಾಗಲೇ ನಿಮ್ಮ ಹತ್ತಿರ ಹೋಗಿದೆ. ವರ್ಷಕ್ಕೆ 18% ಬಡ್ಡಿಯಲ್ಲಿ 24 ತಿಂಗಳಿಗೆ ಸಿಕ್ಕರೆ ಕಂತು ಸುಮಾರು 4,294. ಈಗ ಕಟ್ಟುತ್ತಿರುವ ಮಿನಿಮಮ್‌ಗಿಂತ ಒಂದೈದಾರು ರೂಪಾಯಿ ಕಡಿಮೆಯೇ! ಬಡ್ಡಿ ಭಾಗಕ್ಕೆ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ಸೇರಿಸಿದರೂ ಹೆಚ್ಚುಕಡಿಮೆ ಅದೇ ದುಡ್ಡು. ಆದರೆ ಎರಡು ವರ್ಷಕ್ಕೆ ಸಾಲವೇ ಇರುವುದಿಲ್ಲ.

ಹಳೇಲೆಡ್ಜರ್

ನಾಲ್ಕುಕಾಸು ಅವರ ಲೆಕ್ಕ ಚೆನ್ನಾಗಿದೆ, ಕಾರ್ಡ್ ಇಎಂಐಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೂ ಮೊದಲ ಹಣ ತಪ್ಪಿದ ಕಂತಿಗೇ ಹೋಗಬೇಕು. ಬಡ್ಡಿ ಲೆಕ್ಕದಲ್ಲಿ ಕಾರ್ಡ್ ದುಬಾರಿ, ಒಪ್ಪಿದೆ. ಆದರೆ ಆ ಹಳೇ ಕಂತು ಇರುವವರೆಗೂ ರಿಪೋರ್ಟ್‌ಗೆ ಹೊಸ ಹೊಸ ಕಲೆ ಬೀಳುತ್ತಲೇ ಇರುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಬಂತು. ಕೆಟ್ಟದ್ದೂ ಬೇಗ ದಾಖಲಾಗುತ್ತದೆ, ಒಳ್ಳೆಯದೂ ಬೇಗ ದಾಖಲಾಗುತ್ತದೆ.

ಇನ್ನೊಂದು ಭಯವೂ ಇದೆ. ಈಗ ಒಂದು ಕಂತು ಹಿಂದೆ ಇದ್ದೀರಿ. ಮುಂದೆ ಯಾವುದೋ ಆಸ್ಪತ್ರೆ ಖರ್ಚು ಬಂದು ಇನ್ನೊಂದು ತಪ್ಪಿದರೆ ಬಾಕಿ 60 ದಿನಕ್ಕೆ ಹೋಗುತ್ತದೆ. 90 ದಿನ ದಾಟಿದರೆ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ. ಎನ್‌ಪಿಎ ಆದ ಖಾತೆಗೆ ಒಂದು ಕಂತು ಕಟ್ಟಿದ ತಕ್ಷಣ ಅದು ಸರಿ ಹೋಗುವುದಿಲ್ಲ. ಗಡುವು ಮೀರಿದ ಅಸಲು, ಬಡ್ಡಿ ಎಲ್ಲ ಪೂರ್ತಿ ಕಟ್ಟಿದ ಮೇಲೆಯೇ ಮತ್ತೆ ಸಾಮಾನ್ಯ ಖಾತೆ ಆಗುತ್ತದೆ. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಸ್ಪಷ್ಟವಾಗಿ ಹೇಳಿದೆ. ನೀವು ಆ ಅಂಚಿನಿಂದ ದೂರ ಬರಬೇಕು, ಅದೇ ನನ್ನ ಕಾಳಜಿ.

ಹಣ ಹೊಂದಿಸುವುದು ಹೇಗೆ? ಈ ತಿಂಗಳು 11,000ದಲ್ಲಿ ಕಾರ್ಡ್‌ಗೆ 4,300 ಹೋಗಲಿ, 6,700 ಎತ್ತಿಡಿ. ಮುಂದಿನ ತಿಂಗಳೂ ಹಾಗೇ. 13,400 ಆಯಿತು. ಅದರಲ್ಲಿ 9,800 ಮತ್ತು ಚಾರ್ಜ್‌ಗಳು ಕಟ್ಟಿ.

ಕಟ್ಟುವಾಗ ಒಂದು ಎಚ್ಚರ. ಸುಮ್ನೆ ಆ್ಯಪ್‌ನಲ್ಲಿ ಹಣ ಹಾಕಬೇಡಿ. ಕೆಲವು ಕಡೆ ಹೆಚ್ಚುವರಿ ಹಣವನ್ನು 'ಪಾರ್ಟ್ ಪೇಮೆಂಟ್' ಅಂತ ಅಸಲಿಗೆ ಹಾಕಿಬಿಡುತ್ತಾರೆ, ಬಾಕಿ ಹಾಗೇ ಉಳಿಯುತ್ತದೆ. ಮೊದಲು ಸ್ಟೇಟ್‌ಮೆಂಟ್ ಆಫ್ ಅಕೌಂಟ್ ತರಿಸಿಕೊಳ್ಳಿ. ಅದರಲ್ಲಿ ಗಡುವು ಮೀರಿದ ಬಾಕಿ, ಅಂದರೆ ಓವರ್‌ಡ್ಯೂ ಎಷ್ಟು ಅಂತ ರೂಪಾಯಿ ಲೆಕ್ಕದಲ್ಲಿ ಇರುತ್ತದೆ. 'ಈ ಹಣವನ್ನು ಓವರ್‌ಡ್ಯೂಗೆ ಜಮಾ ಮಾಡಿ' ಅಂತ ಇಮೇಲ್ ಕಳಿಸಿ, ಆಮೇಲೆ ಕಟ್ಟಿ. ಒಂದು ವಾರ ಬಿಟ್ಟು ಮತ್ತೆ ಸ್ಟೇಟ್‌ಮೆಂಟ್ ತೆಗೆದು ಓವರ್‌ಡ್ಯೂ ಸೊನ್ನೆ ಆಗಿದೆಯಾ ನೋಡಿ. 118 ರೂಪಾಯಿ ಚಾರ್ಜ್ ಉಳಿದಿದ್ದಕ್ಕೆ ತಿಂಗಳುಗಟ್ಟಲೆ ಖಾತೆ ಬಾಕಿ ಅಂತ ತೋರಿಸಿದ್ದನ್ನು ನಾನು ಕಂಡಿದ್ದೇನೆ.

ದಂಡದ ಲೆಕ್ಕವನ್ನೂ ನೋಡಿ. ದಂಡವನ್ನು ಬಡ್ಡಿಯಾಗಿ ಹಾಕುವ ಹಾಗಿಲ್ಲ, ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಳೆಯುವ ಹಾಗೂ ಇಲ್ಲ. 2023ರ ಆಗಸ್ಟ್‌ನಲ್ಲಿ ಬಂದ ನಿಯಮ ಇದು.

ಕಾನೂನುಕಣ್ಣು

ಆ್ಯಪ್ ಸಾಲದ 1,350ರ ವಿಷಯ ನಾನು ಹೇಳುತ್ತೇನೆ, ಇದು ನಿಮಗೆ ಖರ್ಚೇ ಇಲ್ಲದ ಕೆಲಸ. ಇವತ್ತೇ ಶುರು ಮಾಡಿ.

ನಮ್ಮ ದೇಶದಲ್ಲಿ ಕ್ರೆಡಿಟ್ ಮಾಹಿತಿ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಎಲ್ಲರೂ 'ಸಿಬಿಲ್' ಅಂತಲೇ ಕರೆಯುವುದರಿಂದ ಒಂದೇ ಇದೆ ಅಂದುಕೊಳ್ಳುತ್ತಾರೆ. ಪ್ರತಿಯೊಂದರಿಂದಲೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಬಿಟ್ಟಿಯಾಗಿ ಸಿಗಬೇಕು, ಇದು ನಿಮ್ಮ ಹಕ್ಕು. ನಾಲ್ಕೂ ತೆಗೆಯಿರಿ. ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕ್ ತೆಗೆಯುವುದು ಬೇರೆ, ಅದು ದಾಖಲಾಗುತ್ತದೆ.

ಮೊದಲು ಸಾಲ ಕೊಟ್ಟ ಸಂಸ್ಥೆಗೆ ಬರೆಯಿರಿ. ಆ್ಯಪ್ ಬರೀ ಮುಖ, ಹಿಂದೆ ಒಂದು ಬ್ಯಾಂಕ್ ಅಥವಾ ಬ್ಯಾಂಕಲ್ಲದ ಸಾಲ ಸಂಸ್ಥೆ, ಅಂದರೆ ಎನ್‌ಬಿಎಫ್‌ಸಿ ಇರುತ್ತದೆ. ರಿಪೋರ್ಟ್‌ನಲ್ಲಿ ಅದರ ಹೆಸರೇ ಇರುವುದು. ಅವರ ದೂರು ವಿಭಾಗಕ್ಕೆ ಪಾವತಿಯ ಮೆಸೇಜ್, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ ಕಳಿಸಿ, ಬಾಕಿ ಇಲ್ಲ ಅನ್ನುವ ನೋ ಡ್ಯೂ ಸರ್ಟಿಫಿಕೇಟ್ ಕೇಳಿ. ಜೊತೆಗೇ ಕ್ರೆಡಿಟ್ ಕಂಪನಿಯ ವೆಬ್‌ಸೈಟ್‌ನಲ್ಲಿ ತಕರಾರು (ಡಿಸ್ಪ್ಯೂಟ್) ಹಾಕಿ. ಕ್ರೆಡಿಟ್ ಕಂಪನಿ ತಾನಾಗಿಯೇ ಏನನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟವರು ಹೌದು ಅನ್ನಬೇಕು. ಅದಕ್ಕೇ ಎರಡೂ ಕಡೆಯಿಂದ ಒತ್ತಬೇಕು.

30 ದಿನ ಅವರಿಗೆ ಗಡುವು. ಅದರೊಳಗೆ ಸರಿ ಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. 2023ರ ಅಕ್ಟೋಬರ್‌ನಲ್ಲಿ ಆದೇಶ ಆಗಿ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೂರಿನಲ್ಲಿ ಈ ಸಾಲನ್ನು ಬರೆದೇ ಬರೆಯಿರಿ. ಆಮೇಲೂ ಉತ್ತರ ಇಲ್ಲ, ಇಲ್ಲವೇ ಉತ್ತರ ಸರಿಯಿಲ್ಲ ಅನ್ನಿಸಿದರೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ನೋಡುವ ಅಧಿಕಾರಿ ಓಂಬುಡ್ಸ್‌ಮನ್‌ಗೆ ಸಿಎಂಎಸ್ ಅನ್ನುವ ದೂರಿನ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಫೀ ಇಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳೂ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬಂದಿವೆ.

ಹೊಳೆದಂಡೆ

ಸೆಟಲ್ಡ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ನನ್ನ ಅಭಿಪ್ರಾಯ: ಅದನ್ನು ಮರೆತುಬಿಡಿ ಅಕ್ಕ. ಬ್ಯಾಂಕೇ ಒಪ್ಪಿ ಮುಗಿಸಿದೆ. ಬಿಟ್ಟ 28,000ವನ್ನು ಈಗ ಹೋಗಿ ಮತ್ತೆ ಯಾಕೆ ಕಟ್ಟಬೇಕು? ಕಟ್ಟಿದರೂ ಹಳೇ ತಿಂಗಳುಗಳ ತಡ ಅಳಿಸಿ ಹೋಗಲ್ಲ. ಅದೇ ಹಣ ಕಾರ್ಡ್‌ಗೆ ಹೋದರೆ ಬಡ್ಡಿಯಾದರೂ ಉಳಿಯುತ್ತದೆ.

ಹಳೇಲೆಡ್ಜರ್

ಮರೆಯಿರಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಮನೆ ಸಾಲ ಬೇಕಿದೆ. ಮನೆ ಸಾಲದ ಫೈಲ್ ನೋಡುವವನು ಬರೀ ಸ್ಕೋರ್ ನೋಡಿ ಬಿಡುವುದಿಲ್ಲ, ಒಂದೊಂದು ಖಾತೆಯನ್ನೂ ಓದುತ್ತಾನೆ. 'ಕ್ಲೋಸ್ಡ್' ಅಂದರೆ ಪೂರ್ತಿ ಕಟ್ಟಿದವರು. 'ಸೆಟಲ್ಡ್' ಅಂದರೆ ಬ್ಯಾಂಕ್ ಒಂದಿಷ್ಟು ಕಳೆದುಕೊಂಡಿದೆ. 'ರಿಟನ್ ಆಫ್' ಅಂದರೆ ಬ್ಯಾಂಕ್ ವಸೂಲಿಯ ಆಸೆಯನ್ನೇ ಬಿಟ್ಟು ಪುಸ್ತಕದಿಂದ ತೆಗೆದಿದೆ, ಆದರೆ ಸಾಲಗಾರ ಕೊಡಬೇಕಾದ್ದು ಹಾಗೇ ಇದೆ. ಬಹಳ ಜನ ರಿಟನ್ ಆಫ್ ಅಂದರೆ ಸಾಲ ಮನ್ನಾ ಅಂದುಕೊಳ್ಳುತ್ತಾರೆ. ಅಲ್ಲ, ಖಂಡಿತ ಅಲ್ಲ.

28,000 ಕಟ್ಟಿ ಅದನ್ನು ಕ್ಲೋಸ್ಡ್ ಮಾಡಿಸಲು ಎಷ್ಟೋ ಬ್ಯಾಂಕುಗಳು ಒಪ್ಪುತ್ತವೆ. ಆದರೆ ಮೊದಲು ಅವರಿಂದ ಲಿಖಿತವಾಗಿ ಬರಬೇಕು: ಇಷ್ಟು ಕಟ್ಟಿದರೆ ಖಾತೆಯನ್ನು ಕ್ಲೋಸ್ಡ್ ಅಂತ ವರದಿ ಮಾಡುತ್ತೇವೆ, ನೋ ಡ್ಯೂ ಕೊಡುತ್ತೇವೆ ಅಂತ. ಫೋನಿನಲ್ಲಿ ಹೇಳಿದ ಮಾತಿಗೆ ಹಣ ಕೊಡಬೇಡಿ. ಫೋನ್ ಮಾಡಿದವನು ಮುಂದಿನ ತಿಂಗಳು ಆ ಕೆಲಸದಲ್ಲೇ ಇರುವುದಿಲ್ಲ.

ಹೊಳೆದಂಡೆ ಅವರ ಒಂದು ಮಾತು ಸರಿ. ಇದು ಈಗಿನ ಕೆಲಸ ಅಲ್ಲ. ಮೊದಲು ಕಂತು, ಆಮೇಲೆ ಕಾರ್ಡ್. ಮನೆ ಸಾಲಕ್ಕೆ ಹೋಗುವ ಒಂದು ವರ್ಷ ಮುಂಚೆ ಇದನ್ನು ಎತ್ತಿಕೊಳ್ಳಿ. ಕಟ್ಟಿದ ಮೇಲೂ ಹಳೇ ತಿಂಗಳುಗಳ ದಾಖಲೆ ಉಳಿಯುತ್ತದೆ ಅನ್ನುವುದೂ ನಿಜ, ರಿಪೋರ್ಟ್‌ನಲ್ಲಿ 36 ತಿಂಗಳ ಪಾವತಿ ಇತಿಹಾಸ ಕಾಣುತ್ತದೆ. ಹೊಸ ತಿಂಗಳು ಸೇರಿದ ಹಾಗೆ ಹಳೇದು ಹಿಂದೆ ಸರಿಯುತ್ತದೆ.

ಸೆಟಲ್‌ಮೆಂಟ್ ಯೋಚಿಸುತ್ತಿರುವ ಬೇರೆಯವರಿಗೂ ಒಂದು ಮಾತು. ಕೆಲಸ ಹೋಗಿದೆ, ಆಸ್ಪತ್ರೆ ಖರ್ಚು ಬಂದಿದೆ, ಕೈಯಲ್ಲಿ ಬೇರೆ ದಾರಿಯೇ ಇಲ್ಲ ಅನ್ನುವವರಿಗೆ ಸೆಟಲ್‌ಮೆಂಟ್ ತಪ್ಪಲ್ಲ. ಫೋನ್ ಕಾಟದಲ್ಲಿ ನಿದ್ದೆ ಕೆಟ್ಟು ಬದುಕುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಕಟ್ಟುವ ಶಕ್ತಿ ಇದ್ದೂ, ರಿಯಾಯಿತಿ ಸಿಗುತ್ತದೆ ಅಂತ ಬೇಕಂತಲೇ ಕಂತು ನಿಲ್ಲಿಸಬೇಡಿ. 2023ರ ಜೂನ್‌ನ ರಿಸರ್ವ್ ಬ್ಯಾಂಕ್ ಚೌಕಟ್ಟಿನ ಪ್ರಕಾರ, ರಾಜಿ ಮಾಡಿಕೊಂಡ ಸಾಲಗಾರನಿಗೆ ಕೃಷಿ ಸಾಲ ಬಿಟ್ಟು ಹೊಸ ಸಾಲ ಕೊಡಲು ಕನಿಷ್ಠ 12 ತಿಂಗಳು ಕಾಯಬೇಕು.

ಬಾಳೆಎಲೆ

ಒಡವೆ ಇದ್ದರೆ ಅಡ ಇಟ್ಟು ಕಾರ್ಡ್ ಪೂರ್ತಿ ತೀರಿಸಬಹುದಲ್ವಾ? ಚಿನ್ನದ ಸಾಲದ ಬಡ್ಡಿ ಕಾರ್ಡ್ ಬಡ್ಡಿಯ ಅರ್ಧಕ್ಕಿಂತಲೂ ಕಡಿಮೆ. ಸ್ಕೋರ್ ಕೂಡ ಅಷ್ಟಾಗಿ ಕೇಳಲ್ಲ.

ನಾಲ್ಕುಕಾಸು

ಬಡ್ಡಿ ಲೆಕ್ಕದಲ್ಲಿ ಸರಿ. ಆದರೆ ಎರಡು ಷರತ್ತು. ಒಂದು, ಚಿನ್ನದ ಸಾಲವನ್ನೂ ತಿಂಗಳ ಕಂತಿನ ಮೇಲೆಯೇ ತೆಗೆದುಕೊಳ್ಳಬೇಕು. ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಲೆಕ್ಕ ಮಾಡಿಕೊಂಡರೆ, ಆ ದಿನ ಬಂದಾಗ ಕೈಯಲ್ಲಿ ಹಣ ಇರುವುದಿಲ್ಲ. ಮತ್ತೆ ರಿನ್ಯೂ, ಮತ್ತೆ ರಿನ್ಯೂ, ಕಡೆಗೆ ಹರಾಜಿನ ನೋಟಿಸ್. ಎರಡು, ಕಾರ್ಡ್ ತೀರಿದ ಮೇಲೆ ಖಾಲಿ ಆದ ಲಿಮಿಟ್ ನೋಡಿ ಮತ್ತೆ ಖರ್ಚು ಶುರು ಆಗಬಾರದು. ಆಗ ಕಾರ್ಡ್ ಸಾಲವೂ ಇರುತ್ತದೆ, ಒಡವೆಯೂ ಹೋಗಿರುತ್ತದೆ. ಕಾರ್ಡಿನವರು ಇಎಂಐ ಕೊಡಲ್ಲ ಅಂದರೆ ಮಾತ್ರ ಈ ದಾರಿ ನೋಡಿ ಅನ್ನುತ್ತೇನೆ. ಚಿನ್ನದ ಸಾಲವೂ ರಿಪೋರ್ಟ್‌ಗೆ ಹೋಗುತ್ತದೆ ಅನ್ನುವುದನ್ನು ಮರೆಯಬೇಡಿ.

ಮೂಲೆಮನೆ

ನಡುವೆ ಬಂದದ್ದಕ್ಕೆ ಕ್ಷಮಿಸಿ, ನನ್ನದೂ ಇದೇ ಥರದ ತೊಂದರೆ. ನಾನು ಸಾಲವನ್ನೇ ತೆಗೆದುಕೊಂಡಿಲ್ಲ. ಭಾವಮೈದುನನ ವ್ಯಾಪಾರದ ಸಾಲಕ್ಕೆ ಜಾಮೀನು ಹಾಕಿದ್ದೆ. ಅವನು ಕಟ್ಟುತ್ತಿಲ್ಲ. ಈಗ ವಸೂಲಿಯವರು ಬೆಳಗ್ಗೆ ಆರೂವರೆಗೆ ನನಗೆ ಫೋನ್ ಮಾಡುತ್ತಾರೆ, ಆಫೀಸಿನ ಮ್ಯಾನೇಜರ್‌ಗೂ ಮಾಡಿದ್ದಾರೆ. ನನ್ನ ಸ್ಕೋರೂ ಬಿದ್ದಿದೆ. ಅವನು ಸಾಲಗಾರ, ನನ್ನನ್ನು ಹಿಡಿಯುವುದು ನ್ಯಾಯವಾ?

ಕಾನೂನುಕಣ್ಣು

ಎರಡು ಬೇರೆ ಬೇರೆ ವಿಷಯ ಸರ್, ಎರಡನ್ನೂ ಕಲಸಬೇಡಿ.

ಸಾಲದ ಹೊಣೆ ನಿಮಗೂ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅವನನ್ನು ಮೊದಲು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನುವ ಹಕ್ಕು ಸಾಮಾನ್ಯವಾಗಿ ನಿಮಗೆ ಇರುವುದಿಲ್ಲ. ಆದರೆ ನೀವು ಕಟ್ಟಿದ್ದನ್ನು ಭಾವಮೈದುನನಿಂದ ವಸೂಲು ಮಾಡುವ ಹಕ್ಕು ನಿಮಗಿದೆ. ಅದಕ್ಕೇ ಕಟ್ಟುವುದಾದರೆ ನಿಮ್ಮ ಖಾತೆಯಿಂದಲೇ ನೇರವಾಗಿ ಸಾಲದ ಖಾತೆಗೆ ಕಟ್ಟಿ, ಅವನ ಕೈಗೆ ನಗದು ಕೊಡಬೇಡಿ. ಸಂಬಂಧ ಕೆಡುತ್ತದೆ ಅಂತ ದಾಖಲೆ ಇಲ್ಲದೆ ಕೊಟ್ಟರೆ ಕಡೆಗೆ ಎರಡೂ ಇರುವುದಿಲ್ಲ.

ಫೋನ್ ಕಾಟ ಬೇರೆ ವಿಷಯ. ಅದು ಯಾವ ಸಾಲಗಾರನ ಮೇಲೂ ನಡೆಯಬಾರದು. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ ಅಂತ 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಬೈಯುವುದು, ನಾಲ್ಕು ಜನರ ಮುಂದೆ ಮಾನ ಕಳೆಯುವುದು, ಮನೆಯವರು ಸ್ನೇಹಿತರ ಖಾಸಗಿತನಕ್ಕೆ ಕೈ ಹಾಕುವುದು, ಇದ್ಯಾವುದೂ ಮಾಡುವಂತಿಲ್ಲ. ಏಜೆಂಟ್ ಮಾಡಿದ್ದಕ್ಕೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ. ಕರೆಯ ಸಮಯ, ನಂಬರ್, ಮೆಸೇಜ್‌ಗಳ ಫೋಟೊ ಎಲ್ಲ ಇಟ್ಟುಕೊಳ್ಳಿ. ಸಂಸ್ಥೆಗೆ ಲಿಖಿತ ದೂರು, 30 ದಿನ ಬಿಟ್ಟು ಓಂಬುಡ್ಸ್‌ಮನ್. ಬೆದರಿಕೆ ಹಾಕಿದರೆ ಕಾಯಬೇಡಿ, ನೇರ ಪೊಲೀಸ್ ಠಾಣೆಗೆ ಹೋಗಿ. ಮೈಕ್ರೋ ಫೈನಾನ್ಸ್ ವಸೂಲಿ ಕಿರುಕುಳದ ಮೇಲೆ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಅದೇ ವರ್ಷ ಅದು ಕಾಯ್ದೆಯಾಯಿತು, ಅದರಲ್ಲಿ 10 ವರ್ಷದವರೆಗೆ ಶಿಕ್ಷೆಗೆ ಅವಕಾಶ ಇದೆ.

ಜೈಲಿಗೆ ಹಾಕುತ್ತೇವೆ ಅಂತ ಹೆದರಿಸುತ್ತಾರೆ. ಸಾಲ ಕಟ್ಟಲಾಗದಿರುವುದು ಸಿವಿಲ್ ವಿಷಯ, ಅದಕ್ಕೆ ಜೈಲಿಲ್ಲ. ಚೆಕ್ ಬೌನ್ಸ್ ಮಾತ್ರ ಬೇರೆ. ಅದಕ್ಕೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕೇಸ್ ಆಗಬಹುದು. ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತ ಆಗುವ ಕಂತು ಹಣವಿಲ್ಲದೆ ಬೌನ್ಸ್ ಆದರೂ 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಕಲಂ ಅಡಿ ಅದೇ ಥರ ಕೇಸ್ ಹಾಕಲು ಬರುತ್ತದೆ. ಹಾಗಾಗಿ ಕೋರ್ಟ್ ನೋಟಿಸ್ ಬಂದರೆ ಮೂಲೆಗೆ ಹಾಕಬೇಡಿ, ಉತ್ತರ ಕೊಡಿ. ಲೋಕ ಅದಾಲತ್‌ಗೆ ಕರೆದರೆ ಹೋಗಿ, ಅಲ್ಲಿ ಕಂತಿನ ಮಾತುಕತೆಗೆ ಜಾಗ ಇರುತ್ತದೆ. ಆದರೆ ಅಲ್ಲಿ ಸಹಿ ಹಾಕಿದ ರಾಜಿಯೇ ಕೊನೆ, ಮೇಲ್ಮನವಿ ಇಲ್ಲ. ಕಟ್ಟಲು ಆಗುವಷ್ಟಕ್ಕೆ ಮಾತ್ರ ಒಪ್ಪಿಕೊಳ್ಳಿ.

ಮೂಲೆಮನೆ

ಧನ್ಯವಾದ ಸರ್. ಕರೆಗಳ ಪಟ್ಟಿ ಇವತ್ತೇ ಬರೆದಿಡುತ್ತೇನೆ.

ಹೊಸಚಿಗುರು

ಎಲ್ಲರಿಗೂ ತುಂಬಾ ಧನ್ಯವಾದ. ಹಳೇಲೆಡ್ಜರ್ ಸರ್ ಹೇಳಿದ ಹಾಗೆ ಸ್ಟೇಟ್‌ಮೆಂಟ್ ತರಿಸಿದೆ. ಓವರ್‌ಡ್ಯೂ 9,800, ಜೊತೆಗೆ ಬೌನ್ಸ್ ಮತ್ತು ದಂಡ ಸೇರಿ 1,480. ಇಷ್ಟು ಸಣ್ಣ ವಿಷಯ ಇಷ್ಟು ತಿಂಗಳು ಕಾಡಿತಲ್ಲ ಅಂತ ಬೇಜಾರೂ ಆಯಿತು, ಸಮಾಧಾನವೂ ಆಯಿತು. ಆ್ಯಪ್ ಸಾಲದ ದೂರು ಎರಡೂ ಕಡೆ ಹಾಕಿದ್ದೇನೆ. ಏಜೆಂಟನಿಗೆ ಬೇಡ ಅಂದೆ.

ಕಾರ್ಡಿನವರು 24 ತಿಂಗಳ ಇಎಂಐಗೆ ಒಪ್ಪಿದ್ದಾರೆ. ಬಡ್ಡಿ 18ಕ್ಕಿಂತ ಸ್ವಲ್ಪ ಜಾಸ್ತಿ. ಇನ್ನೂ ಎರಡು ಪ್ರಶ್ನೆ ಇದೆ. ಕಂತು ಸರಿ ಆದಮೇಲೆ ಉಳಿಯುವ ಆರು ಸಾವಿರ ಚಿಲ್ಲರೆಯನ್ನು ಪೂರ್ತಿ ಸಾಲಕ್ಕೇ ಹಾಕಲಾ? ಸ್ಕೋರ್ ಏರಲಿ ಅಂತ ಹೊಸ ಕಾರ್ಡ್ ಏನಾದರೂ ಮಾಡಿಸಬೇಕಾ?

ನಾಲ್ಕುಕಾಸು

ಪೂರ್ತಿ ಹಾಕಬೇಡಿ ಮೇಡಂ. ಮೊದಲು ಎರಡು ತಿಂಗಳ ಕಂತುಗಳಷ್ಟು ಹಣ, ಅಂದರೆ ಸುಮಾರು 28,000, ಬೇರೆ ಖಾತೆಯಲ್ಲಿ ಕೂಡಿಡಿ. ಪರ್ಸನಲ್ ಲೋನ್ ಮತ್ತು ಕಾರ್ಡ್ ಎರಡರ ಕಂತನ್ನೂ ಲೆಕ್ಕಕ್ಕೆ ಹಿಡಿದು ಹೇಳುತ್ತಿದ್ದೇನೆ. ಆ ಹಣ ಇದ್ದರೆ ಮುಂದೆ ಸಂಬಳ ತಡವಾದರೂ ರಿಪೋರ್ಟ್‌ಗೆ ಏಟು ಬೀಳುವುದಿಲ್ಲ. ಅದು ಆದಮೇಲೆ ಅಣ್ಣನ 42,000 ನೆನಪಿರಲಿ. ಅದು ರಿಪೋರ್ಟ್‌ನಲ್ಲಿ ಬರುವುದಿಲ್ಲ, ಬಡ್ಡಿಯೂ ಇಲ್ಲ, ಅದಕ್ಕೇ ಎಲ್ಲರೂ ಅದನ್ನು ಕೊನೆಗೆ ತಳ್ಳುತ್ತಾರೆ. ತಿಂಗಳಿಗೆ ಎರಡು ಸಾವಿರವಾದರೂ ಕೊಡುತ್ತಾ ಬನ್ನಿ. ಅಣ್ಣ ಬೇಡ ಅಂದರೂ ಕೊಡಿ. ಕಷ್ಟದಲ್ಲಿ ಕೈ ಹಿಡಿದವರು ಅವರು.

ಕಂತಿನ ದಿನಾಂಕ ಸಂಬಳದ ದಿನದ ನಂತರ ಎರಡು ಮೂರು ದಿನಕ್ಕೆ ಬರುವ ಹಾಗೆ ಬದಲಾಯಿಸಿಕೊಡಿ ಅಂತ ಕೇಳಿ ನೋಡಿ. ಕೊಟ್ಟರೆ ಬಹಳ ಅನುಕೂಲ.

ಹಳೇಲೆಡ್ಜರ್

ಹೊಸ ಕಾರ್ಡ್‌ಗೆ ಈಗ ಅರ್ಜಿ ಹಾಕಬೇಡಿ. 583 ಇಟ್ಟುಕೊಂಡು ನಾಲ್ಕು ಕಡೆ ಅರ್ಜಿ ಹಾಕಿದರೆ ನಾಲ್ಕೂ ತಿರಸ್ಕಾರ ಆಗುತ್ತವೆ, ಬ್ಯಾಂಕ್ ತೆಗೆದು ನೋಡಿದ ನಾಲ್ಕೂ ದಾಖಲೆ ರಿಪೋರ್ಟ್‌ನಲ್ಲಿ ಕೂರುತ್ತವೆ. ನಿಮ್ಮ ಹತ್ತಿರ ಈಗಾಗಲೇ ಒಂದು ಸಾಲ, ಒಂದು ಕಾರ್ಡ್ ನಡೆಯುತ್ತಿವೆ. ಅವೆರಡರಲ್ಲಿ ತಿಂಗಳು ತಿಂಗಳು ಸೊನ್ನೆ ಡಿಪಿಡಿ ಬಂದರೆ ಅದೇ ಸಾಕು.

ಹೊಸದಾಗಿ ಶುರು ಮಾಡಲೇಬೇಕಾದ ಸ್ಥಿತಿಯಲ್ಲಿ ಇರುವವರಿಗೆ, ಅಂದರೆ ನಡೆಯುತ್ತಿರುವ ಖಾತೆಯೇ ಇಲ್ಲದವರಿಗೆ, ಎಫ್‌ಡಿ ಮೇಲೆ ಕೊಡುವ ಕಾರ್ಡ್ ಒಳ್ಳೆಯದು. ಬ್ಯಾಂಕಿಗೆ ಎಫ್‌ಡಿ ಭದ್ರತೆ ಇರುವುದರಿಂದ ಸ್ಕೋರ್ ಕಡಿಮೆ ಇದ್ದರೂ ಕೊಡುತ್ತಾರೆ. ಲಿಮಿಟ್‌ನ ಮೂರನೇ ಒಂದು ಭಾಗ ದಾಟದ ಹಾಗೆ ಬಳಸಿ, ಬಿಲ್ ಬಂದ ಕೂಡಲೇ ಪೂರ್ತಿ ಕಟ್ಟಬೇಕು.

ಇಎಂಐ ಮುಗಿದ ಮೇಲೆ ಆ ಕಾರ್ಡ್ ರದ್ದು ಮಾಡುವ ಅವಸರ ಬೇಡ. ಹಳೇ ಖಾತೆ, ಖಾಲಿ ಲಿಮಿಟ್, ಎರಡೂ ಸ್ಕೋರ್‌ಗೆ ಒಳ್ಳೆಯದು. ಇದ್ದರೆ ಖರ್ಚು ಮಾಡಿಬಿಡುತ್ತೇನೆ ಅನ್ನುವ ಭಯ ಇದ್ದರೆ ಮಾತ್ರ ರದ್ದು ಮಾಡಿ, ಸ್ಕೋರ್‌ಗಿಂತ ನಿಮ್ಮ ನೆಮ್ಮದಿ ದೊಡ್ಡದು. ಬಾಕಿ ಇಲ್ಲದ ಕಾರ್ಡ್ ರದ್ದು ಮಾಡಿ ಅಂದರೆ 7 ಕೆಲಸದ ದಿನದೊಳಗೆ ಮಾಡಬೇಕು. ಮಾಡದಿದ್ದರೆ ದಿನಕ್ಕೆ 500 ರೂಪಾಯಿ ಅವರು ನಿಮಗೆ ಕೊಡಬೇಕು.

ಹೊಳೆದಂಡೆ

ಎಷ್ಟು ತಿಂಗಳಲ್ಲಿ 700 ದಾಟಬಹುದು ಸರ್? ಅಂದಾಜು?

ಹಳೇಲೆಡ್ಜರ್

ಅಂಕಿ ಹೇಳುವುದಿಲ್ಲ ತಮ್ಮಾ. ಸ್ಕೋರ್ ಲೆಕ್ಕ ಹಾಕುವ ಸೂತ್ರ ಆ ಕಂಪನಿಗಳ ಒಳಗಿನದು, ನಾಲ್ಕರದ್ದೂ ಬೇರೆ ಬೇರೆ. ಇಷ್ಟೇ ಸ್ಕೋರ್ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಕೂಡ ಕನಿಷ್ಠ ಮಿತಿ ಇಟ್ಟಿಲ್ಲ, ಪ್ರತಿ ಬ್ಯಾಂಕ್ ತನ್ನ ನೀತಿಯ ಪ್ರಕಾರ ನೋಡುತ್ತದೆ. ಇವರ ವಿಷಯದಲ್ಲಿ ಹೊಸ ಕಲೆ ಬೀಳುವುದು ನಿಂತು, ಕಾರ್ಡ್ ಬಾಕಿ ಇಳಿಯುತ್ತಾ ಬಂದರೆ ಏರಿಕೆ ಕಾಣಬೇಕು. ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು, ದಿನಾ ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ.

ಹೊಸಚಿಗುರು

ಆ್ಯಪ್ ಸಾಲದ ಉತ್ತರ ಬಂತು. ಖಾತೆ ಕ್ಲೋಸ್ಡ್ ಆಗಿದೆ, ನೋ ಡ್ಯೂ ಪತ್ರವನ್ನೂ ಇಮೇಲ್ ಮಾಡಿದ್ದಾರೆ. ಸಿಬಿಲ್‌ನಲ್ಲಿ ಬದಲಾಗಿದೆ, ಆದರೆ ಇನ್ನೊಂದು ಕಂಪನಿಯ ರಿಪೋರ್ಟ್‌ನಲ್ಲಿ ಇನ್ನೂ 1,350 ಹಾಗೇ ಇದೆ. ಅಲ್ಲಿ ಮತ್ತೆ ಬೇರೆ ದೂರು ಹಾಕಬೇಕಾ?

ಕಾನೂನುಕಣ್ಣು

ಹಾಕಿ. ನೋ ಡ್ಯೂ ಪತ್ರ ಲಗತ್ತಿಸಿ ಅಲ್ಲೂ ಡಿಸ್ಪ್ಯೂಟ್ ಹಾಕಿ, ಜೊತೆಗೆ ಸಾಲ ಕೊಟ್ಟವರಿಗೂ 'ನಾಲ್ಕೂ ಕಂಪನಿಗೆ ತಿದ್ದುಪಡಿ ಕಳಿಸಿ' ಅಂತ ಅದೇ ಇಮೇಲ್‌ಗೆ ಉತ್ತರ ಬರೆಯಿರಿ. ಹೊಸ ದೂರಿನ 30 ದಿನ ಹಾಕಿದ ದಿನದಿಂದ ಶುರು. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.